ಚಿತ್ರ ತಿದ್ದಲು ಹೊರಟವರಿಗೆ ಯಾವ ತಂತ್ರಾಂಶ?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಹಳೆಯ ಛಾಯಾಚಿತ್ರಗಳನ್ನು ಕಳುಹಿಸಿಕೊಡಬೇಕೆಂದು ಹಿರಿಯ ವಿದ್ಯಾರ್ಥಿಗಳಲ್ಲಿ ವಿನಂತಿಸಿಕೊಂಡಾಗ, ಇಷ್ಟೊಂದು ಚಿತ್ರಗಳು ಬಂದು ಸೇರುತ್ತವೆಂದು ನಮ್ಮಲ್ಲಿ ಯಾರೂ ಎಣಿಸಿರಲಿಲ್ಲ. ಲವ್‌ಡೇಲ್, ಉದಕಮಂಡಲ, ಗೂಡಲೂರು, ಮಸಿನಗುಡಿಗಳಿಂದಲೂ, ಉದ್ಯೋಗನಿಮಿತ್ತ ಮೈಸೂರು, ಬೆಂಗಳೂರು, ಕೊಯಮತ್ತೂರುಗಳಲ್ಲಿ ನೆಲೆಸಿದವರ ಮನೆಗಳಿಂದಲೂ ಚಿತ್ರಗಳು ಬಂದವು. ಕೆಲವು ಕಟ್ಟು ಹಾಕಿಸಿದ ಗಾಜಿನೊಳಗಿದ್ದವು. ಕೆಲವು ಹಳೆಯ ಟ್ರಂಕಿನ ತಳದಲ್ಲಿ, ಮದುವೆಯ ಲಗ್ನಪತ್ರಿಕೆಗಳ ನಡುವೆ ಸಿಕ್ಕವು. ಲವ್‌ಡೇಲ್ ನಿಲ್ದಾಣದಲ್ಲಿ ಪುಟ್ಟ ರೈಲಿನ ಮುಂದೆ ಸಾಲಾಗಿ ನಿಂತ ಮಕ್ಕಳ ಚಿತ್ರವೊಂದನ್ನು ನೋಡಿದಾಗಲಂತೂ ನಮಗೆಲ್ಲ ಕಣ್ಣು ತುಂಬಿ ಬಂದಿತು.

ಆದರೆ ಬಹುಪಾಲು ಚಿತ್ರಗಳ ಸ್ಥಿತಿ ಶೋಚನೀಯವಾಗಿತ್ತು. ನಮ್ಮ ನೀಲಗಿರಿಯ ಮಳೆಗಾಲವನ್ನು ಬಲ್ಲವರಿಗೆ ಕಾರಣವನ್ನು ವಿವರಿಸಬೇಕಾಗಿಲ್ಲ. ಗೋಡೆಗಳು ಬೆವರುತ್ತವೆ, ಬಟ್ಟೆಗಳು ಒಣಗುವುದಿಲ್ಲ, ಪೆಟ್ಟಿಗೆಯೊಳಗಿನ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಮೊದಲು ತಿನ್ನುವುದು ಚಿತ್ರದ ಮೇಲ್ಮೈಯ ತೆಳುವಾದ ಜೆಲಟಿನ್ ಪದರವನ್ನು. ಚಿತ್ರವಿರುವುದೂ ಅದೇ ಪದರದಲ್ಲಿ. ಹೀಗಾಗಿ ಈ ಚಿತ್ರಗಳನ್ನು ಗಣಕಯಂತ್ರಕ್ಕೆ ಏರಿಸಿ, ಕಲೆಗಳನ್ನು ಅಳಿಸಿ, ಅಚ್ಚಿಗೆ ಯೋಗ್ಯವಾಗುವಂತೆ ತಿದ್ದುವುದು ಅನಿವಾರ್ಯವಾಯಿತು. ಆ ಹೊಣೆಯನ್ನು ನಾನು ವಹಿಸಿಕೊಂಡೆ. ಆಗ ಎದುರಾದ ಪ್ರಶ್ನೆಯೇ ಈ ಲೇಖನದ ವಸ್ತು: ಚಿತ್ರ ತಿದ್ದುವುದನ್ನು ಹೊಸದಾಗಿ ಕಲಿಯುವವರು ಯಾವ ತಂತ್ರಾಂಶವನ್ನು ಆರಿಸಿಕೊಳ್ಳಬೇಕು?

ಛಾಯಾಚಿತ್ರವೆಂಬುದು ನಮ್ಮ ಬೆಟ್ಟಕ್ಕೆ ಹೊರಗಿನ ವಿಷಯವೇನಲ್ಲ. ಉದಕಮಂಡಲದ ಇಂದುನಗರದಲ್ಲಿ ಭಾರತ ಸರ್ಕಾರದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆಯು 1960ರಲ್ಲಿ ಸ್ಥಾಪಿತವಾಗಿ, 1967ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ‘ಇಂದು’ ಎಂಬ ಚಂದ್ರನ ಹೆಸರನ್ನು ಹೊತ್ತ ಕಪ್ಪು ಬಿಳುಪು ಫಿಲ್ಮುಗಳೂ ಕ್ಷ-ಕಿರಣ ಫಿಲ್ಮುಗಳೂ ಇಲ್ಲಿಂದ ದೇಶದ ಮೂಲೆಮೂಲೆಗೆ ಹೋದವು. ಕಾಲಕ್ರಮೇಣ ಕಪ್ಪು ಬಿಳುಪಿಗೆ ಬೇಡಿಕೆ ಕುಗ್ಗಿತು, ಬಣ್ಣದ ಫಿಲ್ಮು ಬಂದಿತು, ಅನಂತರ ಫಿಲ್ಮೇ ಬೇಡದ ಡಿಜಿಟಲ್ ಕ್ಯಾಮೆರಾ ಬಂದಿತು. 1990ರ ದಶಕದಲ್ಲಿ ರೋಗಗ್ರಸ್ತ ಉದ್ಯಮವೆಂದು ಘೋಷಿತವಾದ ಆ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರವು 2014ರಲ್ಲಿ ಕೈಗೊಂಡಿತು. ಕತ್ತಲೆಕೋಣೆಯಲ್ಲಿ ರಸಾಯನಗಳಿಂದ ನಡೆಯುತ್ತಿದ್ದ ಕೆಲಸ ಈಗ ಮನೆಯ ಮೇಜಿನ ಮೇಲಿನ ಗಣಕಕ್ಕೆ, ಅಂಗೈಯ ಮೊಬೈಲಿಗೆ ಬಂದಿದೆ. ಹಿಂದೆ ಛಾಯಾಗ್ರಾಹಕರ ಕೈಯಲ್ಲಿದ್ದ ಜವಾಬ್ದಾರಿಯೂ ಅದರೊಡನೆ ನಮ್ಮ ಕೈಗೆ ಬಂದಿದೆ ಎಂಬುದನ್ನು ನಾವು ಮರೆಯುತ್ತೇವೆ. ನಾನೂ ಮರೆತಿದ್ದೆ.

ನಡೆದದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಶಾಲೆಯ ಆರಂಭದ ವರ್ಷಗಳ ಸಮೂಹ ಚಿತ್ರವೊಂದನ್ನು ಗೂಡಲೂರಿನ ಹಿರಿಯರೊಬ್ಬರು ನಂಬಿಕೆಯಿಂದ ಕೊಟ್ಟಿದ್ದರು. ಅದನ್ನು ಸ್ಕ್ಯಾನ್ ಮಾಡಿಕೊಂಡು ಮೂಲವನ್ನು ಹಿಂದಿರುಗಿಸಿದೆ. ಪರಿಚಯದವರೊಬ್ಬರು ‘ಎಲ್ಲರೂ ಬಳಸುವುದು ಇದನ್ನೇ’ ಎಂದು ಹೇಳಿ, ಹಣ ತೆರದೆ ನಕಲು ಮಾಡಿದ ಹೆಸರಾಂತ ತಂತ್ರಾಂಶವೊಂದನ್ನು ನನ್ನ ಗಣಕಕ್ಕೆ ಹಾಕಿಕೊಟ್ಟರು. ನೂರಾರು ಗುಂಡಿಗಳು, ಯಾವುದು ಏನು ಮಾಡುತ್ತದೆಂದು ನನಗೆ ತಿಳಿಯದು. ಚಿತ್ರದ ಬಲ ಅಂಚಿನಲ್ಲಿ ಬೂಷ್ಟಿನ ದೊಡ್ಡ ಕಲೆಯಿತ್ತು. ಅಂಚನ್ನೇ ಕತ್ತರಿಸಿದೆ, ಉಳಿದ ಕಲೆಗಳನ್ನು ಒರೆಸಿದೆ, ಅದೇ ಕಡತದ ಮೇಲೆಯೇ ಉಳಿಸಿದೆ. ನೋಡಲು ಅಂದವಾಗಿತ್ತು. ಮೊದಲ ತಂಡದ ವಿದ್ಯಾರ್ಥಿನಿಯೊಬ್ಬರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ, “ಎಲ್ಲಾ ಚೆನ್ನಾಗಿದೆಯಪ್ಪಾ, ನಮ್ಮ ಆಯಮ್ಮ ಎಲ್ಲಿ?” ಎಂದರು.

ಬಿಸಿಲಿರಲಿ ಮಂಜಿರಲಿ ಮಕ್ಕಳಿಗೆ ಕುಡಿಯುವ ನೀರು ಹೊತ್ತು ತರುತ್ತಿದ್ದ, ಗಂಟೆ ಬಾರಿಸುತ್ತಿದ್ದ ಆಯಮ್ಮ ಆ ದಿನ ಚಿತ್ರದ ಅಂಚಿನಲ್ಲಿ, ಅಧ್ಯಾಪಕರ ಸಾಲಿನಿಂದ ಒಂದು ಮಾರು ದೂರದಲ್ಲಿ ನಿಂತಿದ್ದರಂತೆ. ಬೂಷ್ಟಿನ ಹಿಂದೆ ಅರ್ಧ ಮರೆಯಾಗಿದ್ದ ಅವರನ್ನು ನಾನು ಕಲೆಯೊಡನೆ ಕತ್ತರಿಸಿ ಎಸೆದಿದ್ದೆ. ನನ್ನ ಗಣಕದಲ್ಲಿ ಮೂಲದ ಪ್ರತಿ ಉಳಿದಿರಲಿಲ್ಲ. ಪುಣ್ಯಕ್ಕೆ ಗೂಡಲೂರಿನ ಮನೆಯಲ್ಲಿ ಕಾಗದದ ಚಿತ್ರ ಇನ್ನೂ ಇತ್ತು. ಘಾಟಿಯಿಳಿದು ಹೋಗಿ ಮತ್ತೊಮ್ಮೆ ಸ್ಕ್ಯಾನ್ ಮಾಡಿಕೊಂಡು ಬಂದೆ. ಇಲ್ಲವಾಗಿದ್ದರೆ ಈ ಸಂಚಿಕೆಯಲ್ಲಿ ಆಯಮ್ಮನಿಗೆ ಸ್ಥಾನವೇ ಇರುತ್ತಿರಲಿಲ್ಲ, ಇರಲಿಲ್ಲವೆಂಬುದು ಮುಂದಿನವರಿಗೆ ತಿಳಿಯುತ್ತಲೂ ಇರಲಿಲ್ಲ.

ತಪ್ಪು ತಂತ್ರಾಂಶದ್ದಲ್ಲ, ನನ್ನದೇ. ಆದರೆ ಕಲಿಯುವವನ ತಪ್ಪನ್ನು ತಡೆದುಕೊಳ್ಳುವ ಸಾಧನ ಯಾವುದು, ತಡೆದುಕೊಳ್ಳದ ಸಾಧನ ಯಾವುದು ಎಂಬ ವಿವೇಚನೆ ಅಂದಿನಿಂದ ಆರಂಭವಾಯಿತು. ‘ಯಾವುದು ಹೆಚ್ಚು ಕೆಲಸ ಮಾಡಬಲ್ಲುದು’ ಎಂಬ ಪ್ರಶ್ನೆಯನ್ನು ಆರಂಭಿಕರು ಕೇಳಬಾರದೆಂದು ನನ್ನ ಖಚಿತ ಅಭಿಪ್ರಾಯ. ಅವರು ಕೇಳಬೇಕಾದ ಪ್ರಶ್ನೆಗಳು ಮೂರು. ಇದನ್ನು ನಾನು ಪ್ರಾಮಾಣಿಕವಾಗಿ ಪಡೆಯಬಲ್ಲೆನೆ? ಇದು ಕನ್ನಡವನ್ನು ಸರಿಯಾಗಿ ಬರೆಯುತ್ತದೆಯೆ? ಇದು ಮೂಲಚಿತ್ರವನ್ನು ಕಾಪಾಡುತ್ತದೆಯೆ?

ಮೊದಲನೆಯ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಥಾಮಸ್ ನೋಲ್ ಮತ್ತು ಜಾನ್ ನೋಲ್ ಎಂಬ ಸಹೋದರರು ರೂಪಿಸಿದ ಫೋಟೋಶಾಪ್ ತಂತ್ರಾಂಶವನ್ನು ಅಡೋಬಿ ಸಂಸ್ಥೆಯು 1990ರಲ್ಲಿ ಹೊರತಂದಿತು. ವೃತ್ತಿನಿರತರ ಪಾಲಿಗೆ ಅದು ಇಂದಿಗೂ ಶ್ರೇಷ್ಠ ಸಾಧನವೆಂಬುದರಲ್ಲಿ ಸಂದೇಹವಿಲ್ಲ. ಆದರೆ 2013ರಿಂದೀಚೆಗೆ ಅದರ ಹೊಸ ಆವೃತ್ತಿಗಳನ್ನು ಚಂದಾ ರೂಪದಲ್ಲಿಯೇ ಪಡೆಯಬೇಕಾಗಿದೆ. ಚಂದಾ ನಿಂತರೆ ತಂತ್ರಾಂಶವೂ ನಿಲ್ಲುತ್ತದೆ. ವರ್ಷಕ್ಕೆ ನಾಲ್ಕಾರು ಬಾರಿ ಚಿತ್ರ ತಿದ್ದುವ ಮನೆಗೆ ಇದು ಹೊರೆ. ಆದ್ದರಿಂದಲೇ ಕಳ್ಳಪ್ರತಿಗಳು ನಮ್ಮ ಸುತ್ತಮುತ್ತ ಸಹಜವೆಂಬಂತೆ ಹರಡಿವೆ. ಶಾಲೆಯಲ್ಲಿ ‘ಪರರ ಸೊತ್ತನ್ನು ಮುಟ್ಟಬೇಡ’ ಎಂದು ಬೋಧಿಸಿ, ಅದೇ ಶಾಲೆಯ ಗಣಕದಲ್ಲಿ ಕಳ್ಳಪ್ರತಿಯನ್ನು ತೆರೆದು ಪಾಠ ಹೇಳುವುದು ಎಂತಹ ವಿಪರ್ಯಾಸ! ಅಂತಹ ಪ್ರತಿಗಳೊಡನೆ ವೈರಸ್ಸುಗಳು ಬರುವ ಅಪಾಯವಂತೂ ಇದ್ದೇ ಇದೆ.

ಇದಕ್ಕೆ ಪರ್ಯಾಯ ಬಹಳ ಹಿಂದಿನಿಂದಲೂ ಇದೆ. ಅಮೆರಿಕೆಯ ಬರ್ಕ್‌ಲಿಯಲ್ಲಿ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಆರಂಭಿಸಿ 1996ರಲ್ಲಿ ಸಾರ್ವಜನಿಕರಿಗೆ ನೀಡಿದ ‘ಗಿಂಪ್’ ಎಂಬುದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು, ನೂರು ಗಣಕಗಳಿಗೆ ಹಾಕಬಹುದು, ನೆರೆಮನೆಯವರಿಗೆ ಕೊಡಬಹುದು. ಕೊಡುವುದು ಅಪರಾಧವಲ್ಲ, ಅದರ ಪರವಾನಗಿಯೇ ಆ ಹಕ್ಕನ್ನು ನೀಡುತ್ತದೆ. ಅಧ್ಯಾಪಕರು ತರಗತಿಯಲ್ಲಿ ಕಲಿಸಿದ ತಂತ್ರಾಂಶವನ್ನೇ ಮಗು ಮನೆಗೆ ಒಯ್ಯಬಹುದೆಂದರೆ ಬಡವ ಬಲ್ಲಿದ ಎಂಬ ಭೇದ ಅಷ್ಟರ ಮಟ್ಟಿಗೆ ಅಳಿಯುತ್ತದೆ.

ಇದು ಕೇವಲ ಆದರ್ಶದ ಮಾತಲ್ಲ ಎಂಬುದಕ್ಕೆ ನಿದರ್ಶನ ನಮ್ಮ ಜಿಲ್ಲೆಯ ಗಡಿಯಾಚೆಯೇ ಇದೆ. ಗೂಡಲೂರಿನಿಂದ ಇಳಿದರೆ ಸಿಗುವ ಕೇರಳ ರಾಜ್ಯವು 2001ರ ಸುಮಾರಿಗೆ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆಯಡಿ ಸರ್ಕಾರಿ ಶಾಲೆಗಳನ್ನು ಕ್ರಮೇಣ ಮುಕ್ತ ತಂತ್ರಾಂಶಕ್ಕೆ ತಂದಿತು. 2017ರಿಂದ ‘ಕೈಟ್’ ಎಂಬ ಸಂಸ್ಥೆ ಆ ಕಾರ್ಯವನ್ನು ಮುಂದುವರಿಸುತ್ತಿದೆ. ಅಲ್ಲಿನ ಗಣಕ ಪಠ್ಯಪುಸ್ತಕಗಳಲ್ಲಿ ಗಿಂಪ್ ಮತ್ತು ಇಂಕ್‌ಸ್ಕೇಪ್ ಪಾಠಗಳು ಸ್ಥಾನ ಪಡೆದಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಆ ಪುಸ್ತಕಗಳು ಕನ್ನಡದಲ್ಲಿಯೂ ಬಂದಿವೆ. ನಮ್ಮಂತೆಯೇ ಗಡಿಯಲ್ಲಿರುವ, ನಮ್ಮಂತೆಯೇ ಅನ್ಯಭಾಷೆಯ ರಾಜ್ಯದಲ್ಲಿ ಕನ್ನಡವನ್ನು ಉಳಿಸಿಕೊಂಡಿರುವ ಮಕ್ಕಳು ಕನ್ನಡದಲ್ಲಿಯೇ ಚಿತ್ರ ತಿದ್ದುವುದನ್ನು ಕಲಿತಿರುವಾಗ, ಅದು ನಮ್ಮ ಮಕ್ಕಳಿಗೇಕೆ ಅಸಾಧ್ಯ?

ಎರಡನೆಯ ಪ್ರಶ್ನೆ ಕನ್ನಡದ್ದು. ಆಮಂತ್ರಣ ಪತ್ರಿಕೆ, ಭಿತ್ತಿಪತ್ರ, ಬ್ಯಾನರು, ಚಿತ್ರದ ಕೆಳಗಿನ ಹೆಸರುಗಳು ಎಲ್ಲದರಲ್ಲಿಯೂ ಅಕ್ಷರ ಬೇಕು. ನಮ್ಮ ಲಿಪಿಗೆ ಒತ್ತಕ್ಷರಗಳುಂಟು, ಅರ್ಕಾವತ್ತುಂಟು. ಅಕ್ಷರಗಳನ್ನು ಸಾಲಾಗಿ ಜೋಡಿಸಿದರಷ್ಟೇ ಸಾಲದು. ಹಿಂದೆ ಬರಹ, ನುಡಿ ಮೊದಲಾದ ತಂತ್ರಾಂಶಗಳು ತಮ್ಮದೇ ಅಕ್ಷರವಿನ್ಯಾಸಗಳಿಂದ ಈ ಕಷ್ಟವನ್ನು ನಿವಾರಿಸಿ, ಪೇಜ್‌ಮೇಕರ್, ಕೋರಲ್‌ಡ್ರಾಗಳಲ್ಲಿ ಕನ್ನಡದ ಮುದ್ರಣವನ್ನು ಸಾಧ್ಯವಾಗಿಸಿದ ಉಪಕಾರ ದೊಡ್ಡದು. ಆದರೆ ಆ ಹಳೆಯ ಪದ್ಧತಿಯ ಕಡತವನ್ನು ಅದೇ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸುತ್ತವೆ. ಜಗತ್ತಿನ ಲಿಪಿಗಳಿಗೆಲ್ಲ ಸಮಾನವಾದ ಯೂನಿಕೋಡ್ ಸಂಕೇತ ಬಂದ ಮೇಲೆ ಈ ತೊಡಕು ಪರಿಹಾರವಾಗಿದೆ. ಇಪ್ಪತ್ತೈದು ವರ್ಷಗಳ ಅನಂತರ ಶತಮಾನೋತ್ಸವದತ್ತ ನಡೆಯುವವರು ಇಂದಿನ ಕಡತಗಳನ್ನು ಓದಬೇಕೆಂದಿದ್ದರೆ ಯೂನಿಕೋಡಿನಲ್ಲಿಯೇ ಬರೆಯಬೇಕು.

ಹಾಗೆಂದು ಎಲ್ಲ ತಂತ್ರಾಂಶಗಳೂ ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸುತ್ತವೆಂದು ಭಾವಿಸಬಾರದು. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಒತ್ತುಗಳು ಒಡೆದು ಬೀಳುತ್ತಿದ್ದವು. ಈಚಿನವುಗಳಲ್ಲಿ ಭಾರತೀಯ ಲಿಪಿಗಳಿಗೆ ವ್ಯವಸ್ಥೆಯಿದೆ. ಗಿಂಪ್ ಮತ್ತು ಇಂಕ್‌ಸ್ಕೇಪ್‌ಗಳಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡುತ್ತದೆ. ಪರೀಕ್ಷಿಸಲು ಬಹಳ ಸುಲಭವಾದ ಉಪಾಯವೊಂದಿದೆ. ಯಾವುದೇ ತಂತ್ರಾಂಶವನ್ನು ತೆರೆದು ಮೊಟ್ಟಮೊದಲು ‘ಸುವರ್ಣ ಮಹೋತ್ಸವ’ ಎಂದು ಬರೆಯಿರಿ. ಣಕಾರದ ಬಲಕ್ಕೆ ಅರ್ಕಾವತ್ತು ನಿಂತಿತೆ, ತಕಾರದ ಅಡಿಯಲ್ಲಿ ಸಕಾರದ ಒತ್ತು ಕುಳಿತಿತೆ ಎಂದು ನೋಡಿ. ಕುಳಿತಿದ್ದರೆ ‘ಶಾಸ್ತ್ರ’ ಎಂದು ಬರೆದು ಎರಡು ಒತ್ತುಗಳನ್ನೂ ಪರೀಕ್ಷಿಸಿ. ಇಷ್ಟರಲ್ಲಿ ತೇರ್ಗಡೆಯಾಗದ ತಂತ್ರಾಂಶ ಎಷ್ಟೇ ಬೆಡಗಿನದಾಗಿದ್ದರೂ ಕನ್ನಡ ಶಾಲೆಗೆ ಬೇಡ.

ಮೂರನೆಯದು ಮೂಲಚಿತ್ರದ ರಕ್ಷಣೆ. ನನ್ನ ಮಟ್ಟಿಗೆ ಇದೇ ಮುಖ್ಯವಾದುದು. ಒಳ್ಳೆಯ ಸಾಧನದಲ್ಲಿ ಪದರಗಳು, ಎಂದರೆ ಲೇಯರುಗಳು ಇರುತ್ತವೆ. ಮೂಲಚಿತ್ರದ ಮೇಲೆ ಪಾರದರ್ಶಕ ಹಾಳೆಯನ್ನು ಹರಡಿ ಅದರ ಮೇಲೆ ತಿದ್ದಿದಂತೆ. ಬೇಡವೆನಿಸಿದಾಗ ಹಾಳೆಯನ್ನು ತೆಗೆದರೆ ಮೂಲ ಹಾಗೆಯೇ ಇರುತ್ತದೆ. ಗಿಂಪಿನಲ್ಲಿ ‘ಉಳಿಸು’ ಎಂಬ ಆಜ್ಞೆಯು ಪದರಗಳೆಲ್ಲವನ್ನೂ ಅದರದೇ ಆದ ಎಕ್ಸ್‌ಸಿಎಫ್ ಕಡತದಲ್ಲಿ ಇಡುತ್ತದೆ. ಜೆಪೆಗ್ ಚಿತ್ರ ಬೇಕೆಂದರೆ ಬೇರೆ ಆಜ್ಞೆಯನ್ನು ಕೊಟ್ಟು ರಫ್ತು ಮಾಡಬೇಕು. ಮೊದಮೊದಲು ಇದು ಕಿರಿಕಿರಿಯೆನಿಸುತ್ತದೆ. ಆದರೆ ನನ್ನಂತೆ ಮೂಲದ ಮೇಲೆಯೇ ಬರೆದು ಪರಿತಪಿಸಿದವರಿಗೆ ಅದು ತಾಯಿಯ ಎಚ್ಚರಿಕೆಯಂತೆ ತೋರುತ್ತದೆ. 2025ರಲ್ಲಿ ಬಂದ ಗಿಂಪ್ 3.0 ಆವೃತ್ತಿಯಲ್ಲಿ ಬೆಳಕು, ವರ್ಣ ಮುಂತಾದ ಅನೇಕ ಮಾರ್ಪಾಡುಗಳನ್ನು ಮೂಲವನ್ನು ಕೆಡಿಸದೆ ಮಾಡಿ, ಬೇಕೆಂದಾಗ ಬದಲಿಸುವ ಅನುಕೂಲವೂ ಸೇರಿದೆ. ಜೆಪೆಗ್ ಕಡತವನ್ನು ತಿದ್ದಿ ಮತ್ತೆ ಮತ್ತೆ ಉಳಿಸಿದಷ್ಟೂ ಚಿತ್ರದ ಸೂಕ್ಷ್ಮಾಂಶಗಳು ನಶಿಸುತ್ತವೆಂಬುದನ್ನೂ ಇಲ್ಲಿ ನೆನಪಿಡಬೇಕು.

ಈ ಮೂರು ಒರೆಗಲ್ಲುಗಳಿಗೆ ಹಚ್ಚಿ ನೋಡಿದ ಮೇಲೆ ನನ್ನ ಸಲಹೆ ಹೀಗಿದೆ. ಛಾಯಾಚಿತ್ರವನ್ನು ತಿದ್ದಲು ಗಿಂಪ್. ಶಾಲೆಯ ಲಾಂಛನ, ಭಿತ್ತಿಪತ್ರ, ಬ್ಯಾನರುಗಳಿಗೆ ಇಂಕ್‌ಸ್ಕೇಪ್. ಇದು ಚಿತ್ರವನ್ನು ಚುಕ್ಕೆಗಳಾಗಿ ಅಲ್ಲದೆ ರೇಖೆಗಳ ಲೆಕ್ಕವಾಗಿ ಇಡುವುದರಿಂದ ಲಾಂಛನವನ್ನು ಅಂಚೆಚೀಟಿಯಷ್ಟು ಕಿರಿದಾಗಿಸಿದರೂ ಮಹಾದ್ವಾರದಷ್ಟು ಹಿರಿದಾಗಿಸಿದರೂ ಅಂಚುಗಳು ಒಡೆಯುವುದಿಲ್ಲ. ಪುಸ್ತಕದ ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಇದೆ. ತೀರ ಎಳೆಯ ಮಕ್ಕಳಿಗೆ ವಿಂಡೋಸ್‌ನೊಡನೆ ಬರುವ ಪೇಂಟ್ ಸಾಕು. 2023ರಿಂದ ಅದರಲ್ಲಿಯೂ ಪದರಗಳಿವೆ. ಗಣಕವಿಲ್ಲದೆ ಮೊಬೈಲ್ ಮಾತ್ರ ಇರುವ ಮನೆಯವರು ಸ್ನ್ಯಾಪ್‌ಸೀಡ್‌ನಿಂದ ಬೆಳಕನ್ನು ಹೊಂದಿಸಿಕೊಳ್ಳಬಹುದು. ಇವೆಲ್ಲವನ್ನೂ ಒಮ್ಮೆಗೇ ಕಲಿಯಹೊರಡಬಾರದು. ಕತ್ತರಿಸುವುದು, ಬೆಳಕು ನೆರಳು ಹೊಂದಿಸುವುದು, ಪದರ ಬಳಸುವುದು, ಪಕ್ಕದ ಭಾಗದಿಂದ ಕಲೆಯನ್ನು ಮುಚ್ಚುವುದು ಎಂಬ ನಾಲ್ಕು ಕೆಲಸಗಳನ್ನು ಒಂದೇ ತಂತ್ರಾಂಶದಲ್ಲಿ ಕೈವಶ ಮಾಡಿಕೊಂಡರೆ ಆರಂಭಕ್ಕೆ ಸಾಕು.

‘ಉದ್ಯೋಗ ದೊರೆಯಬೇಕಾದರೆ ಹೆಸರಾಂತ ತಂತ್ರಾಂಶವನ್ನೇ ಕಲಿಯಬೇಕಲ್ಲವೆ?’ ಎಂದು ಕೆಲವು ಪಾಲಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಮುದ್ರಣಾಲಯಗಳಲ್ಲಿ, ಜಾಹೀರಾತು ಸಂಸ್ಥೆಗಳಲ್ಲಿ ಕೇಳುವುದು ಅಡೋಬಿಯ ಅಥವಾ ಕೋರಲ್‌ನ ಸಾಧನಗಳನ್ನೇ. ಅಚ್ಚಿಗೆ ಬೇಕಾದ ನಾಲ್ಕು ಶಾಯಿಗಳ ವರ್ಣಪದ್ಧತಿಯಲ್ಲಿ ನೇರವಾಗಿ ಚಿತ್ರ ತಿದ್ದಲು ಗಿಂಪ್ ಇನ್ನೂ ಸಮರ್ಥವಾಗಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಆ ಕೆಲಸವನ್ನು ಮುದ್ರಣಾಲಯದವರಿಗೆ ಬಿಡಬೇಕಾಗುತ್ತದೆ. ಆದರೆ ಬೆಳಕು ನೆರಳು, ವರ್ಣ, ಪದರ, ಅಳತೆ ಇವುಗಳ ತತ್ತ್ವ ಎಲ್ಲೆಡೆಯೂ ಒಂದೇ. ಒಂದು ಹೊಲಿಗೆಯಂತ್ರದಲ್ಲಿ ಹೊಲಿಯಲು ಕಲಿತವರು ಇನ್ನೊಂದರ ಮುಂದೆ ಕುಳಿತು ಎರಡು ದಿನ ತಡವರಿಸಿ ಮೂರನೆಯ ದಿನ ಹೊಲಿಯುತ್ತಾರೆ. ವೃತ್ತಿಯಾಗಿ ಸ್ವೀಕರಿಸುವವರು ಮುಂದೆ ಹಣ ತೆತ್ತು ದೊಡ್ಡ ಸಾಧನವನ್ನು ಪಡೆಯಲಿ. ಆರಂಭವನ್ನೇ ಕಳ್ಳಪ್ರತಿಯಿಂದ ಮಾಡಬೇಕಾಗಿಲ್ಲ.

ಇನ್ನೊಂದು ಎಚ್ಚರಿಕೆಯನ್ನು ಹೇಳದೆ ಮುಗಿಸಲಾರೆ. ಕೃತಕ ಬುದ್ಧಿಮತ್ತೆಯ ಸಾಧನಗಳು ಈಗ ಒಂದು ಗುಂಡಿ ಒತ್ತಿದೊಡನೆ ಮಸುಕಾದ ಮುಖವನ್ನು ಸ್ಫುಟಗೊಳಿಸುತ್ತವೆ, ಕಪ್ಪು ಬಿಳುಪಿಗೆ ಬಣ್ಣ ತುಂಬುತ್ತವೆ. ಫೋಟೋಶಾಪಿಗೇ ಇಂತಹ ಶಕ್ತಿ ಬಂದು ಸೇರಿದೆ. ಬೆರಗುಗೊಳಿಸುವ ವಿದ್ಯೆಯೇ ಸರಿ. ಆದರೆ ಬೂಷ್ಟು ತಿಂದ ಕಣ್ಣನ್ನು ಯಂತ್ರ ಎಲ್ಲಿಂದ ತಂದೀತು? ತಾನು ಕಲಿತ ಅಸಂಖ್ಯ ಮುಖಗಳಿಂದ ಊಹಿಸಿ ಒಂದು ಕಣ್ಣನ್ನು ಇಡುತ್ತದೆ. ಅದು ಅಂದವಾಗಿರುತ್ತದೆ, ಆದರೆ ನಮ್ಮ ಗೆಳೆಯನದಾಗಿರುವುದಿಲ್ಲ. ಸೀರೆಯ ಬಣ್ಣವೂ ಊಹೆಯೇ. ಮನೆಯ ವಿನೋದಕ್ಕೆ ಇದು ತಪ್ಪಲ್ಲ; ಶಾಲೆಯ ದಾಖಲೆಯಾಗಿ ಅಚ್ಚಾಗುವ ಚಿತ್ರದಲ್ಲಿ ಮಾತ್ರ ಊಹೆಗೆ ಎಡೆ ಕೊಡಬಾರದು. ಮಸುಕಾದುದು ಮಸುಕಾಗಿಯೇ ಇರಲಿ, ಅದು ಸತ್ಯ. ಹಾಗೆಯೇ ಮಕ್ಕಳ ಚಿತ್ರಗಳನ್ನು ಅಪರಿಚಿತ ಅಂತರಜಾಲ ತಾಣಗಳಿಗೆ ಏರಿಸುವ ಮುನ್ನ ಹತ್ತು ಬಾರಿ ಯೋಚಿಸಬೇಕು.

ಎಂತಹ ತಂತ್ರಾಂಶವಾದರೂ ಸ್ಕ್ಯಾನಿನಲ್ಲಿ ಇಲ್ಲದ್ದನ್ನು ತಂದುಕೊಡಲಾರದು. ಆದ್ದರಿಂದ ಮೊದಲ ಹೆಜ್ಜೆಯನ್ನು ಜೋಪಾನವಾಗಿ ಇಡಬೇಕು. ಅಚ್ಚಿಗೆ ಸಾಮಾನ್ಯವಾಗಿ ಅಂಗುಲಕ್ಕೆ 300 ಚುಕ್ಕೆಗಳು ಬೇಕು. ಎಂದರೆ 6 ಅಂಗುಲ ಅಗಲ, 4 ಅಂಗುಲ ಎತ್ತರದ ಚಿತ್ರಕ್ಕೆ 1800 ಮತ್ತು 1200 ಚುಕ್ಕೆಗಳು. ಸಮೂಹ ಚಿತ್ರದಲ್ಲಿ ಒಬ್ಬೊಬ್ಬರ ಮುಖವೂ ಅರ್ಧ ಅಂಗುಲಕ್ಕಿಂತ ಕಿರಿದಾಗಿರುವುದರಿಂದ ಅಂಗುಲಕ್ಕೆ 600 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿ ಟಿಫ್ ಕಡತವಾಗಿ ಇಡುವುದು ಲೇಸು. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಕುಗ್ಗುವುದಿಲ್ಲ. ಗಾಜಿಗೆ ಅಂಟಿಕೊಂಡ ಚಿತ್ರವನ್ನು ಕೀಳಲು ಹೋಗದೆ ಗಾಜಿನೊಡನೆಯೇ ಸ್ಕ್ಯಾನ್ ಮಾಡಬೇಕು. ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಲೇಬಾರದು. ಕಲೆಯೊಡನೆ ಚಿತ್ರವೂ ಎದ್ದು ಬರುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಹಿರಿಯರು ಇರುವಾಗಲೇ ಅವರನ್ನು ಕೇಳಿ ಯಾರು ಯಾರು ನಿಂತಿದ್ದಾರೆಂದು ಬರೆದಿಟ್ಟುಕೊಳ್ಳಬೇಕು. ಹೆಸರನ್ನು ಹುಡುಕಿಕೊಡುವ ತಂತ್ರಾಂಶವಿಲ್ಲ.

ಸುವರ್ಣ ಮಹೋತ್ಸವದ ನೆನಪಿಗೆ ಅನೇಕ ಯೋಜನೆಗಳ ಪ್ರಸ್ತಾಪವಿದೆ. ಅವುಗಳೊಡನೆ ನನ್ನದೊಂದು ಬಿನ್ನಹ. ಶಾಲೆಯ ಗಣಕಗಳಲ್ಲಿ ಗಿಂಪ್ ಮತ್ತು ಇಂಕ್‌ಸ್ಕೇಪ್‌ಗಳನ್ನು ಅಳವಡಿಸಿ, ಮೇಲಿನ ತರಗತಿಯ ಮಕ್ಕಳಿಗೆ ಕನ್ನಡದಲ್ಲಿ ಪಾಠ ಹೇಳೋಣ. ಅಭ್ಯಾಸಕ್ಕೆ ಬೇರೆ ಚಿತ್ರಗಳೇಕೆ? ಈ ಸಂಚಿಕೆಗೆ ಬಂದ ಹಳೆಯ ಚಿತ್ರಗಳ ಪ್ರತಿಗಳನ್ನೇ ಕೊಡೋಣ. ಒಂದೊಂದು ಚಿತ್ರವನ್ನು ಒಬ್ಬೊಬ್ಬ ವಿದ್ಯಾರ್ಥಿ ವಹಿಸಿಕೊಂಡು, ಕಲೆ ತೆಗೆದು, ಅದರಲ್ಲಿರುವವರ ಹೆಸರುಗಳನ್ನು ವಿಚಾರಿಸಿ ಯೂನಿಕೋಡ್ ಕನ್ನಡದಲ್ಲಿ ಬರೆದಿಡಲಿ. ತಂತ್ರಾಂಶಕ್ಕೆ ಹಣ ಬೇಡ. ಕಲಿಸುವ ನಾಲ್ಕು ಮಂದಿ, ವಾರಕ್ಕೆ ಒಂದೆರಡು ಗಂಟೆ ಬೇಕು. ಅದನ್ನು ಕೊಡಬಲ್ಲವರು ಈ ಸಂಚಿಕೆಯನ್ನು ಓದುತ್ತಿರುವ ಹಿರಿಯ ವಿದ್ಯಾರ್ಥಿಗಳಲ್ಲಿಯೇ ಬಹಳ ಮಂದಿ ಇದ್ದಾರೆ.

ಆ ಸಮೂಹ ಚಿತ್ರವನ್ನು ಈ ಬಾರಿ ಕತ್ತರಿಸದೆ, ಅಂಚಿನವರೆಗೂ ಇಟ್ಟು ಸಂಚಿಕೆಗೆ ಕೊಟ್ಟಿದ್ದೇನೆ. ಬಲಗಡೆ ಬೂಷ್ಟಿನ ಗುರುತು ಸ್ವಲ್ಪ ಉಳಿದಿದೆ. ಅದರ ಪಕ್ಕದಲ್ಲಿ ಕೊಡ ಹಿಡಿದು ನಿಂತವರು ಆಯಮ್ಮ. ನಾವೆಲ್ಲರೂ ಅವರನ್ನು ಆಯಮ್ಮ ಎಂದೇ ಕರೆದೆವು. ಅವರ ಹೆಸರನ್ನು ವಿಚಾರಿಸಿದವರು ಇದುವರೆಗೆ ಸಿಕ್ಕಿಲ್ಲ. ಬಲ್ಲವರು ದಯಮಾಡಿ ಶಾಲೆಗೆ ತಿಳಿಸಬೇಕಾಗಿ ವಿನಂತಿ.